ಹಳ್ಳಿಯ ಸದ್ದು, ವಾಸನೆಗೂ ಕಾನೂನಿನ ಕಾವಲು ಬೇಕಾ?

ಪರ

ಫ್ರಾನ್ಸಿನ ಗಜಾಕ್ ಸುಮಾರು 400 ಜನರ ಹಳ್ಳಿ. ಚರ್ಚಿನ ಗಂಟೆ, ಹುಂಜದ ಕೂಗು, ಹಸುವಿನ ಅಂಬಾ ಎಲ್ಲವನ್ನೂ ದೇಶದ ಪರಂಪರೆ ಎಂದು ಒಪ್ಪಿಕೊಳ್ಳಿ ಅಂತ ಅಲ್ಲಿನ ಮೇಯರ್ 2019ರಲ್ಲಿ ಬಹಿರಂಗ ಪತ್ರ ಬರೆದರು. ನಕ್ಕವರೂ ಇದ್ದರು. ಆದರೆ ಅದೇ ಹೊತ್ತಿಗೆ ಒಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜ ಕೋರ್ಟ್ ಮೆಟ್ಟಿಲೇರಿತ್ತು! ರಜೆಗೆ ಬಂದುಹೋಗುವ ನೆರೆಮನೆಯವರಿಗೆ ಬೆಳಗಿನ ನಿದ್ದೆ ಕೆಡುತ್ತಿತ್ತಂತೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಮೋರಿಸ್ ಗೆದ್ದಿತು. ದೂರು ಕೊಟ್ಟವರೇ 1,000 ಯೂರೊ ಪರಿಹಾರ ಕಟ್ಟಬೇಕಾಯಿತು.

ಎಲ್ಲರಿಗೂ ಈ ಅದೃಷ್ಟ ಇರಲ್ಲ. ದೋರ್ದೋನ್ ಜಿಲ್ಲೆಯ ಗ್ರಿನ್ಯೋಲ್‌ನಲ್ಲಿ ಕಪ್ಪೆಗಳ ವಟವಟ ಜಾಸ್ತಿಯಾಯಿತೆಂದು ನೆರೆಯವರು ಕೇಸು ಹಾಕಿದರು. ಕೊಳವನ್ನೇ ಮುಚ್ಚಿಸಿ ಎಂದು 2016ರಲ್ಲಿ ಬೋರ್ಡೊದ ಮೇಲ್ಮನವಿ ಕೋರ್ಟ್ ಆದೇಶಿಸಿತು. ಕೊಳ ಮುಚ್ಚಿದರೆ ಕಪ್ಪೆ ಎಲ್ಲಿಗೆ ಹೋಗಬೇಕು?

ಕೋಟೆ, ಅರಮನೆ ಕಾಯಲು ಇಲಾಖೆಗಳಿವೆ. ನಾಲ್ಕು ಕೋಳಿ ಸಾಕಿದವರ ಪರವಾಗಿ ವಕೀಲರ ಫೀಸು ಯಾರು ಕೊಡ್ತಾರೆ? ಅದಕ್ಕೇ 2021ರ ಜನವರಿ 29ರ ಕಾನೂನು ಬಂತು. ಹಳ್ಳಿಗಾಡಿನ ಸದ್ದು, ವಾಸನೆಗಳಿಗೆ ಪರಿಸರ ಸಂಹಿತೆಯಲ್ಲಿ ಜಾಗ ಸಿಕ್ಕಿತು. ಇನ್ನು ಮುಂದೆ ನ್ಯಾಯಾಧೀಶರ ಎದುರು ತೋರಿಸಲು ರೈತನ ಕೈಯಲ್ಲೂ ಒಂದು ಕಾಗದ ಇರುತ್ತದೆ.

ವಿರೋಧ

ಮೋರಿಸ್ ಗೆದ್ದಿದ್ದು ಈ ಕಾನೂನು ಹುಟ್ಟುವ ಮೊದಲೇ ಅಲ್ವಾ? ತೊಂದರೆ ಮಿತಿ ಮೀರಿದೆಯೇ ಎಂದು ಅಳೆದು ನೋಡುವ ಪದ್ಧತಿ ಅಲ್ಲಿನ ಕೋರ್ಟುಗಳಲ್ಲಿ ಮೊದಲಿಂದಲೂ ಇದೆ. ಹುಂಜದ ಕೇಸಿನಲ್ಲಿ ಅಷ್ಟೇ ಸಾಕಾಯಿತು.

2021ರ ಕಾನೂನಿನಲ್ಲಿ ದಂಡವೂ ಇಲ್ಲ, ಶಿಕ್ಷೆಯೂ ಇಲ್ಲ. ಸುಮ್ನೆ ಗೌರವದ ಮಾತು. ನಿಜವಾಗಿ ಕೆಲಸಕ್ಕೆ ಬರುವುದು 2024ರ ಏಪ್ರಿಲ್ 15ರ ಕಾನೂನು: ನೀವು ಬರುವ ಮೊದಲೇ ನಡೆಯುತ್ತಿದ್ದ ಕೆಲಸ ನಿಯಮದಂತೆ ಹಾಗೇ ಮುಂದುವರಿದಿದ್ದರೆ ನೀವು ಪರಿಹಾರ ಕೇಳುವಂತಿಲ್ಲ. ಇದಕ್ಕೆ ಪರಂಪರೆಯ ಹಣೆಪಟ್ಟಿ ಬೇಕೇ ಆಗಿಲ್ಲ. ಯಾರು ಮೊದಲು ಬಂದರು ಅಂತ ನೋಡಿದರೆ ಸಾಕು.

ಇನ್ನು ಗಂಟೆಯ ಮಾತು. ಈಗ ಎಷ್ಟೋ ಚರ್ಚುಗಳಲ್ಲಿ ಹಗ್ಗ ಎಳೆಯುವವರೇ ಇಲ್ಲ, ಮೋಟಾರೇ ಗಂಟೆ ಹೊಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಮೋಟಾರು ಬಾರಿಸುವುದೂ ಪರಂಪರೆಯೇ?

ವಾಸನೆಯ ವಿಷಯ ಇನ್ನೂ ಕಷ್ಟ. ಹತ್ತು ಹಸುಗಳ ಕೊಟ್ಟಿಗೆಯ ಗೊಬ್ಬರ ಬೇರೆ, ನೂರಾರು ಹಂದಿಗಳನ್ನು ಒಂದೇ ಶೆಡ್ಡಿನಲ್ಲಿ ಕೂಡಿಹಾಕಿದ ಫಾರಂ ಬೇರೆ. ಎರಡಕ್ಕೂ ‘ಹಳ್ಳಿಯ ವಾಸನೆ’ ಎಂಬ ಒಂದೇ ಹೆಸರು ಕೊಟ್ಟರೆ ದೊಡ್ಡ ಫಾರಂನವರಿಗೇ ಲಾಭ. ಆ ಶೆಡ್ಡಿನ ಪಕ್ಕದಲ್ಲಿ ಕಿಟಕಿ ಮುಚ್ಚಿಕೊಂಡು ಕೂರುವವರು ಪ್ಯಾರಿಸ್‌ನಿಂದ ಬಂದವರೇ ಆಗಿರಬೇಕಿಲ್ಲ. ಅಲ್ಲೇ ಹುಟ್ಟಿ ಬೆಳೆದವರೂ ಇರುತ್ತಾರೆ. ಅವರ ದೂರಿಗೂ ‘ಹಳ್ಳಿ ಅಂದ್ರೆ ಹೀಗೇ’ ಎಂಬ ಉತ್ತರ ಸಿಗುತ್ತದೆ.