ಅಮಲಿನ ಇಲಿ ಬಯಲಿಗೆ ಬಂದರೆ ಅದರ ಆತಂಕ ಕಡಿಮೆಯಾಯಿತೆಂದು ಹೇಳಬಹುದೇ?

ಪರ

ಇಲಿಯ ಆತಂಕ ಅಳೆಯಲು ಪ್ರಯೋಗಾಲಯಗಳಲ್ಲಿ ಒಂದು ಪರೀಕ್ಷೆಯಿದೆ: ನೆಲದಿಂದ ಮೇಲೆತ್ತಿ ನಿಲ್ಲಿಸಿದ, ಕೂಡಿಸುವ ಚಿಹ್ನೆಯ ಆಕಾರದ ಒಂದು ಹಾದಿ. ಎರಡು ತೋಳುಗಳಿಗೆ ಗೋಡೆಯಿದೆ, ಎರಡಕ್ಕಿಲ್ಲ. ನಡುವೆ ಬಿಟ್ಟ ಇಲಿ ಬಹುತೇಕ ಹೊತ್ತು ಗೋಡೆಯ ಮರೆಯಲ್ಲೇ ಕಳೆಯುತ್ತದೆ. ಬಯಲಿನತ್ತ ಕತ್ತು ಚಾಚಿ, ಮೂಸಿ, ಹಿಂದೆ ಸರಿಯುತ್ತದೆ. ದೇಹತೂಕದ ಪ್ರತಿ ಕಿಲೋಗೆ 1ರಿಂದ 2 ಗ್ರಾಂ ಎಥನಾಲ್ (ಮದ್ಯದಲ್ಲಿ ಅಮಲೇರಿಸುವ ಅಂಶ) ಚುಚ್ಚಿದರೆ ಅನೇಕ ತಳಿಗಳ ಇಲಿಗಳು ಬಯಲು ತೋಳುಗಳಲ್ಲಿ ಹೆಚ್ಚು ಹೊತ್ತು ಇರುತ್ತವೆ.

ಇದನ್ನು ಆತಂಕ ಇಳಿದದ್ದರ ಗುರುತೆನ್ನಲು ಆಧಾರವಿದೆ. 1987ರಲ್ಲಿ ಈ ಪರೀಕ್ಷೆಯನ್ನು ಇಲಿಗಳಿಗೆ ಅಳವಡಿಸಿದಾಗ, ಮನುಷ್ಯರ ಆತಂಕಕ್ಕೆ ವೈದ್ಯರು ಕೊಡುತ್ತಿದ್ದ ಕ್ಲೋರ್‌ಡಯಾಜೆಪಾಕ್ಸೈಡ್ ಮತ್ತು ಎಥನಾಲ್ ಎರಡೂ ಒಂದೇ ದಿಕ್ಕಿನ ಫಲಿತಾಂಶ ನೀಡಿದವು. ಕೆಫೀನ್ ವಿರುದ್ಧ ದಿಕ್ಕಿನದನ್ನು ನೀಡಿತು. ಮಿದುಳಿನಲ್ಲಿ ನಡೆಯುವುದೂ ಇದಕ್ಕೆ ಹೊಂದುತ್ತದೆ: ನರಕೋಶಗಳ ಉದ್ರೇಕವನ್ನು ತಡೆಯುವ ಗಾಬಾ ವ್ಯವಸ್ಥೆಗೆ ಮದ್ಯ ಬಲ ಕೊಡುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ವಾರಗಟ್ಟಲೆ ಮದ್ಯ ಕೊಟ್ಟು ನಿಲ್ಲಿಸಿದಾಗ ಇಲಿಗಳು ಮೊದಲಿಗಿಂತ ಹೆಚ್ಚು ಅಂಜುತ್ತವೆಯಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದು ಈ ವಾದಕ್ಕೇ ಬೆಂಬಲ. ಮದ್ಯದ ತಡೆಗೆ ಒಗ್ಗಿಕೊಂಡ ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ತಡೆ ಹೋದೊಡನೆ ಆ ಏರಿಕೆ ಮಾತ್ರ ಉಳಿಯುತ್ತದೆ. ಅಮಲಿನಲ್ಲಿ ಸುಮ್ಮನೆ ಕಾಲು ಬೀಸಾಗುತ್ತದೆ ಎನ್ನುವವರಿಗೂ ಉತ್ತರವಿದೆ: ಗೋಡೆಯಿರುವ ತೋಳುಗಳಿಗೆ ಇಲಿ ಎಷ್ಟು ಸಲ ಹೊಕ್ಕಿತೆಂದು ಪ್ರತ್ಯೇಕವಾಗಿ ಎಣಿಸುತ್ತಾರೆ. ಆ ಎಣಿಕೆ ಬದಲಾಗದೆ ಬಯಲಿನ ಹೊತ್ತು ಮಾತ್ರ ಹೆಚ್ಚಿದ್ದರೆ ಅದನ್ನು ಬರೀ ಚುರುಕುತನವೆನ್ನಲಾಗದು.

ವಿರೋಧ

ಆ ಎಣಿಕೆ ಬದಲಾಗದಿದ್ದರೆ, ಸರಿ. ಆದರೆ ಬದಲಾಗುವುದೇ ಹೆಚ್ಚು. ಡಿಬಿಎ/2 ತಳಿಯ ಇಲಿಗೆ 2 ಗ್ರಾಂ ಪ್ರಮಾಣದ ಎಥನಾಲ್ ಸಿಕ್ಕರೆ ಅದು ಎಲ್ಲೆಂದರಲ್ಲಿ ಓಡಾಡುತ್ತದೆ. ಸಿ57ಬಿಎಲ್/6 ತಳಿಯಲ್ಲಿ ಆ ಹುಮ್ಮಸ್ಸು ತೀರ ಕಡಿಮೆ. ಎಲ್ಲೆಡೆ ಓಡುವ ಪ್ರಾಣಿ ಬಯಲಿಗೂ ಓಡುತ್ತದೆ. ಪ್ರಮಾಣ ಇನ್ನಷ್ಟು ಏರಿದರೆ ಹೆಜ್ಜೆ ತಪ್ಪಿ ತೂಕಡಿಸುತ್ತದೆ. ಆತಂಕ ಇಳಿದದ್ದೆಂದು ಓದಬಹುದಾದ ಕಿಟಕಿ ಈ ಎರಡರ ನಡುವೆ ಬಹಳ ಕಿರಿದು.

ಮದ್ಯ ನಿಲ್ಲಿಸಿದ ಮೇಲಿನ ಅಂಜಿಕೆಯ ಕಥೆಯಲ್ಲೂ ಇದೇ ತೊಡಕು, ತಲೆಕೆಳಗಾಗಿ. ಆಗ ಇಲಿಗಳು ಹಲವು ಬಾರಿ ಗೋಡೆಯ ತೋಳುಗಳಲ್ಲೂ ಅಲುಗಾಡುವುದಿಲ್ಲ. ಹೆದರಿ ಕೂತಿವೆಯೋ, ಬಳಲಿ ಕೂತಿವೆಯೋ? ಗಡಿಯಾರ ಹಿಡಿದವನಿಗೆ ಎರಡೂ ಒಂದೇ.

ಪರೀಕ್ಷೆಯ ಮೇಲೂ ನನಗೆ ಅಷ್ಟೊಂದು ಭರವಸೆಯಿಲ್ಲ. ಒಮ್ಮೆ ಆ ಹಾದಿಯನ್ನು ಕಂಡ ಇಲಿಗೆ ಎರಡನೆಯ ಸಲ ಆತಂಕ ತಗ್ಗಿಸುವ ಡಯಾಜೆಪಾಮ್ ಗುಂಪಿನ ಔಷಧಿ ಕೊಟ್ಟರೂ ಪರಿಣಾಮ ಬಹುಮಟ್ಟಿಗೆ ಕಾಣಿಸುವುದಿಲ್ಲ. ಚುಚ್ಚುಮದ್ದೇ ಇಲಿಗೆ ಒಂದು ಬೆದರಿಕೆ. 1999ರಲ್ಲಿ ಅಮೆರಿಕದ ಆಲ್ಬನಿ, ಪೋರ್ಟ್‌ಲ್ಯಾಂಡ್ ಮತ್ತು ಕೆನಡಾದ ಎಡ್ಮಂಟನ್‌ಗಳ ಮೂರು ಪ್ರಯೋಗಾಲಯಗಳು ಒಂದೇ ತಳಿಗಳನ್ನು, ಒಂದೇ ಬಗೆಯ ಉಪಕರಣಗಳಲ್ಲಿ, ಒಂದೇ ವಿಧಾನದಿಂದ ಪರೀಕ್ಷಿಸಿದವು. ಯಾವ ತಳಿ ಮದ್ಯವನ್ನು ಹೆಚ್ಚು ಕುಡಿಯುತ್ತದೆ ಎಂಬುದರಲ್ಲಿ ಮೂರೂ ಕಡೆ ಒಂದೇ ಚಿತ್ರ ಕಂಡಿತು. ಈ ಹಾದಿಯ ಪರೀಕ್ಷೆಯಲ್ಲಾದರೋ ಊರು ಬದಲಾದಂತೆ ಫಲಿತಾಂಶವೂ ಬದಲಾಯಿತು. ಕುಡಿತ ಗಟ್ಟಿಯಾದ ಅಳತೆ, ಆತಂಕವೆಂದು ನಾವು ಕರೆಯುವುದು ಅಷ್ಟು ಗಟ್ಟಿಯಲ್ಲ.

ಇನ್ನು, ಬಯಲಿಗೆ ಬಂದದ್ದು ಭಯ ಕರಗಿ ಬಂದದ್ದೇ ಆಗಬೇಕಿಲ್ಲ. ಅಪಾಯವನ್ನು ತೂಗಿ ನೋಡುವ ಶಕ್ತಿ ಮಂಕಾಗಿದ್ದರೂ ಇಲಿ ಅಂಚಿಗೆ ಹೋಗಿ ನಿಲ್ಲುತ್ತದೆ. ಕತ್ತು ಚಾಚಿ ಮೂಸುವುದು, ಅಂಚಿನಿಂದ ತಲೆ ಕೆಳಗೆ ಇಳಿಬಿಡುವುದು ಇವನ್ನೆಲ್ಲ ಎಣಿಸಿದರೆ ಸ್ವಲ್ಪ ಸುಳಿವು ಸಿಗಬಹುದು. ಬರೀ ಹೊತ್ತು ಅಳೆದವರಿಗೆ ಅದೂ ಇಲ್ಲ.

ಭಯ ನೀಗುವುದಕ್ಕಾಗಿಯೇ ಪ್ರಾಣಿ ಮದ್ಯದತ್ತ ಹೋಗುತ್ತದೆ ಎಂಬ ಮಾತೂ ಇದೆ. ಹಾಗಿದ್ದರೆ ಹೆಚ್ಚು ಅಂಜುವ ತಳಿ ಹೆಚ್ಚು ಕುಡಿಯಬೇಕಿತ್ತು. ಇಂಥ ಪರೀಕ್ಷೆಗಳಲ್ಲಿ ಅಂಜುಬುರುಕನೆಂದು ಹೆಸರಾದ ಬಾಲ್ಬ್/ಸಿ ತಳಿ ಕುಡಿಯುವುದು ಕಡಿಮೆ. ಅದಕ್ಕಿಂತ ಧೈರ್ಯದ ಸಿ57ಬಿಎಲ್/6 ತಾನಾಗಿಯೇ ಧಾರಾಳವಾಗಿ ಕುಡಿಯುತ್ತದೆ. ಇದರಲ್ಲಿ ರುಚಿಯ ಪಾತ್ರವೂ ಇರಬಹುದು, ಒಪ್ಪುತ್ತೇನೆ. ಆದರೆ ಆತಂಕವೊಂದರಿಂದಲೇ ಇದನ್ನು ವಿವರಿಸಲಾಗುವುದಿಲ್ಲ.