ಇಬಿವಿ ಪಾಸಿಟಿವ್ ಬಂದರೆ ಎಂಎಸ್ ಬಂದಂತಲ್ಲ

‘ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ತಗುಲಿದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಬಂದೇ ಬರುತ್ತದೆ, ರೋಗಿಯ ಎಂಜಲಿನಿಂದ ಎಂಎಸ್ ಹರಡುತ್ತದೆ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಎಂಎಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ; ಅದು ಅಂಟುರೋಗ ಅಲ್ಲವೇ ಅಲ್ಲ. ರೋಗಿಗಳನ್ನು ದಯವಿಟ್ಟು ದೂರ ಇಡಬೇಡಿ.

ವೈರಸ್ಸಿನ ನಂಟು ಮಾತ್ರ ನಿಜ. 2022ರಲ್ಲಿ ಹಾರ್ವರ್ಡ್ ಸಂಶೋಧಕರು ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆ ನೋಡಿದರು. ಇಬಿವಿ ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಜಾಸ್ತಿಯಾಗಿತ್ತು. ನರಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ನ್ಯೂರೋಫಿಲಮೆಂಟ್ ಪ್ರೋಟೀನ್ ಏರಿದ್ದೂ ಸೋಂಕಿನ ನಂತರವೇ, ಮೊದಲಲ್ಲ. ಗಟ್ಟಿ ಪುರಾವೆ ಇದು.

ಆದರೆ ವಯಸ್ಕರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಈ ವೈರಸ್ ತಗುಲಿರುತ್ತದೆ. ಎಂಎಸ್ ಬರುವುದು ತೀರಾ ಕೆಲವರಿಗೆ. ವಂಶವಾಹಿ, ಸಿಗರೇಟು ಇವುಗಳ ಪಾತ್ರವೂ ಇದೆ. ಹೆದರಿ ಸುಮ್ನೆ ಇಬಿವಿ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಒಂದು ಕಣ್ಣು ನೋಯುತ್ತಾ ಮಂಜಾದರೆ, ಕೈಕಾಲಿನ ಜೋಮು ದಿನಗಟ್ಟಲೆ ಬಿಡದಿದ್ದರೆ ನರರೋಗ ತಜ್ಞರನ್ನು ಕಾಣಿ.