ಮೈ ಅದಲುಬದಲಿನ ಶೃಂಗಾರ ಕಿರುಕಾದಂಬರಿ: ಅಚ್ಚು ಹಾಕಬೇಕೆ, ಬೇಡವೆ?

ಇಳಕಲ್ಲಿನ ಒಬ್ಬ ನೇಕಾರ ಹೆಣ್ಣುಮಗಳು, ಬೆಳಗಾವಿ ಟಿಳಕವಾಡಿಯ ಒಬ್ಬ ಬ್ಯಾಂಕ್ ಉದ್ಯೋಗಿ. ಇಬ್ಬರೂ ಮೂವತ್ತು ದಾಟಿದವರು. ಒಂದು ಬೆಳಗ್ಗೆ ಒಬ್ಬಳ ಮೈಯಲ್ಲಿ ಇನ್ನೊಬ್ಬಳಿಗೆ ಎಚ್ಚರವಾಗುತ್ತದೆ. ಅಲ್ಲಿಂದ ಮುಂದೆ ಸುಮಾರು 23,000 ಪದಗಳ ಕಾಮದ ಕಥೆ. ಇಂಥ ಹಸ್ತಪ್ರತಿ ಕೈಗೆ ಬಂದರೆ ಬೆಳಗಾವಿಯ ಸಣ್ಣ ಪ್ರಕಾಶನವೊಂದು ಅದನ್ನು ಪುಸ್ತಕ ಮಾಡಿ ಬಿಡುಗಡೆ ಮಾಡಬೇಕೆ?

ಪರ: ಕದ್ದುಮುಚ್ಚಿ ಅಲ್ಲ, ಪ್ರಕಾಶನದ ಹೆಸರು ಹಾಕಿಯೇ ಬರಲಿ

ಪರಕಾಯ ಪ್ರವೇಶ ಈ ನೆಲಕ್ಕೆ ಹೊಸದಲ್ಲ. ಶಂಕರಾಚಾರ್ಯರು ಕಾಮಶಾಸ್ತ್ರದ ಪ್ರಶ್ನೆಗೆ ಉತ್ತರ ತರಲು ಸತ್ತ ಅಮರುಕ ರಾಜನ ಮೈ ಹೊಕ್ಕರೆಂಬ ಐತಿಹ್ಯವನ್ನು ಪ್ರವಚನದಲ್ಲೇ ಹೇಳುತ್ತಾರೆ, ಮನೆಮಂದಿಯೆಲ್ಲ ಕೂತು ಕೇಳುತ್ತಾರೆ. 17ನೆಯ ಶತಮಾನದಲ್ಲಿ ವಿಜಾಪುರದ ದಖನಿ ಕವಿ ಹಾಶಮಿ ಹೆಣ್ಣಿನ ದನಿಯಲ್ಲಿ ಹೆಣ್ಣಿನ ಆಸೆಯನ್ನು ಬರೆದ. ಬಾದಾಮಿ, ಐಹೊಳೆಯ ಮಿಥುನ ಶಿಲ್ಪಗಳ ಮುಂದೆ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಹಸ್ತಪ್ರತಿಯಲ್ಲಿ ಹೊಸದೇನಾದರೂ ಇದ್ದರೆ, ನೋಡುವ ಕಣ್ಣೂ ಹೆಣ್ಣಿನದು ಅನ್ನುವುದಷ್ಟೆ.

ಬರೀ ಮೈ ಬದಲಿಸಿದ ಮಾತ್ರಕ್ಕೆ ಕಥೆ ಆಗುವುದಿಲ್ಲ. ಮೈಯ ಜೊತೆ ಉಳಿಯುವುದೇನು, ಮನಸ್ಸಿನ ಜೊತೆ ಹೋಗುವುದೇನು ಎಂದು ಎರಡನೆಯ ಅಧ್ಯಾಯಕ್ಕೆ ಮೊದಲೇ ಕಟ್ಟಳೆ ಹಾಕಿಕೊಂಡಿರಬೇಕು. ಹಸಿವು, ಮುಟ್ಟಿನ ನೋವು, ಹೆರಿಗೆಯ ಗೆರೆ, ಮಗ್ಗದಲ್ಲಿ ಕೂತು ಕೂತು ಹಿಡಿದ ಸೊಂಟ ಮೈಯವು. ನೆನಪು, ಸಿಟ್ಟು, ಎಟಿಎಂ ಪಿನ್ ಮನಸ್ಸಿನವು. ತಕರಾರು ಬರುವುದು ಕೈಚಳಕದ ಬಗ್ಗೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿಯಾಗಿದ್ದು ಸೆರಗಿನದು ರೇಶಿಮೆಯಾಗಿರಬಹುದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ನೇಕಾರಳ ಬೆರಳು ಬ್ಯಾಂಕಿನವಳ ಪಾಲಿಗೆ ಬಂದಾಗ ಆ ಬೆರಳು ತಾನಾಗಿ ಕೊಂಡಿ ಹಾಕುತ್ತದೆಯೋ, ಎಳೆ ಕಡಿಯುತ್ತದೆಯೋ? ‘ಬೆರಳಿಗೆ ಗೊತ್ತು, ಆದರೆ ಗಮನ ಕೊಟ್ಟ ಕೂಡಲೇ ತಪ್ಪುತ್ತದೆ’ ಎಂಬ ಕಟ್ಟಳೆ ಇಟ್ಟರೆ ಅದು ಹಾಸಿಗೆಯ ದೃಶ್ಯಕ್ಕೂ ಸಲ್ಲುತ್ತದೆ. ಮೈಗೆ ತನ್ನ ಸುಖದ ದಾರಿ ಗೊತ್ತು, ಒಳಗಿರುವವಳಿಗೆ ಗೊತ್ತಿಲ್ಲ. ಶೃಂಗಾರ ಹುಟ್ಟುವುದು ಆ ತಡವರಿಕೆಯಲ್ಲಿ. ಅಂಗಾಂಗ ವರ್ಣನೆ ಎಷ್ಟು ಪುಟ ಬಂದರೂ ಇದು ಇಲ್ಲದಿದ್ದರೆ ಸಪ್ಪೆಯೇ.

ಓದುಗರು ದಾರಿ ತಪ್ಪುವುದು ಮೂರನೆಯ ಅಧ್ಯಾಯದ ಸುಮಾರಿಗೆ: ಈಗ ಯಾರು ಯಾರು? ನಿರೂಪಣೆಯಲ್ಲಿ ಹೆಸರು ಮನಸ್ಸಿನದಿರಲಿ, ಮಾತುಕತೆಯಲ್ಲಿ ಮೈಯದು. ನಮ್ಮ ಕಡೆಯ ಕರೆಯುವ ರೀತಿ ಇದಕ್ಕೆ ಒಳ್ಳೆಯ ಆಸರೆ. ‘ವೈನೀ, ಚಾ ಆತೇನ್ರಿ?’ ಎಂದು ಮೈದುನ ಕೇಳಿದರೆ ಅದು ಇಳಕಲ್ಲಿನ ಮೈ. ‘ಮ್ಯಾಡಮ್, ಇಲ್ಲೊಂದು ಸಹಿ’ ಎಂದರೆ ಟಿಳಕವಾಡಿಯದು. ವಿವರಣೆಯ ಸಾಲೇ ಬೇಕಾಗುವುದಿಲ್ಲ.

ಅಚ್ಚಿನ ಲೆಕ್ಕವೂ ಕೈಮೀರಿದ್ದಲ್ಲ. ಡೆಮಿ 1/8 ಆಕಾರ, 12 ಪಾಯಿಂಟ್ ಅಕ್ಷರ, ಪುಟಕ್ಕೆ 225 ಪದದಂತೆ ಕಥೆಗೆ 102 ಪುಟ, ಮೊದಲ ಪುಟಗಳು ಹತ್ತು. ಒಟ್ಟು 112, ಅಂದರೆ 16 ಪುಟದ ಏಳು ಫಾರಂ. ಅದರ ಮೇಲೆ ಎರಡು ಪುಟ ಹೆಚ್ಚಾದರೂ ಇನ್ನೊಂದು ಅರ್ಧ ಫಾರಂ ಕಟ್ಟಬೇಕು. ಆದ್ದರಿಂದ ಮುನ್ನುಡಿ ಬೆಳೆಸಬಾರದು. (ಇಂಥ ಪುಸ್ತಕಕ್ಕೆ ಮೂವರು ಹಿರಿಯರಿಂದ ಮುನ್ನುಡಿ ಬರೆಸಿ ಗುರಾಣಿ ಮಾಡಿಕೊಳ್ಳುವ ಆಸೆ ಬಂದೇ ಬರುತ್ತದೆ.) ಒಳಗೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಮೊದಲು ಡಿಜಿಟಲ್‌ನಲ್ಲಿ ನೂರು ಪ್ರತಿ. ಐನೂರು ಹೋಗುವ ಭರವಸೆ ಬಂದ ಮೇಲೆ ಆಫ್‌ಸೆಟ್. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಕಡತವನ್ನು ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗಿ ಕೊನೆಯ ಕರಡು ತಿದ್ದುವುದು ತಿರುಗಿಸಿದ ನಂತರವೇ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಶುಲ್ಕವಿಲ್ಲ.

ಇನ್ನು ಕಾನೂನು. ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಂ ಅಶ್ಲೀಲ ಪುಸ್ತಕ ಮಾರುವುದನ್ನು ಅಪರಾಧ ಎನ್ನುತ್ತದೆ ನಿಜ. ಆದರೆ ಸಾಹಿತ್ಯ, ಕಲೆ, ವಿಜ್ಞಾನದ ದೃಷ್ಟಿಯಿಂದ ಸಾರ್ವಜನಿಕ ಒಳಿತಿನದೆಂದು ಸಾಬೀತಾದ ಪ್ರಕಟಣೆಯನ್ನೂ ಪ್ರಾಚೀನ ಸ್ಮಾರಕಗಳ ಶಿಲ್ಪವನ್ನೂ ಅದೇ ಕಲಂ ಹೊರಗಿಡುತ್ತದೆ. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಳೆಯ ಹಿಕ್ಲಿನ್ ಅಳತೆಗೋಲನ್ನು (ಬಿಡಿ ಭಾಗವೊಂದು ಓದುಗರ ಮನಸ್ಸು ಕೆಡಿಸಬಹುದೇ ಎಂದಷ್ಟೇ ನೋಡುವ ಬ್ರಿಟಿಷ್ ಕಾಲದ ಪರೀಕ್ಷೆ) ಬಿಟ್ಟು, ಇಂದಿನ ಸಮಾಜದ ಮಾನದಂಡದಿಂದ ಒಟ್ಟಾರೆಯಾಗಿ ನೋಡಬೇಕೆಂದಿತು. ಇಬ್ಬರು ವಯಸ್ಕ ಹೆಂಗಸರ ಒಪ್ಪಿತ ಕೂಟ ಅಪರಾಧವಲ್ಲ ಎಂಬುದರಲ್ಲೂ ಸಲಿಂಗ ಸಂಬಂಧದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ಅನುಮಾನ ಉಳಿದಿಲ್ಲ. ಸಂಪಾದಕರು ಮಾಡಬೇಕಾದದ್ದು ಒಂದೇ: ಪ್ರತಿ ದೃಶ್ಯವನ್ನೂ ಕಿತ್ತು ನೋಡುವುದು. ಕಥೆ ಕುಂಟಿದರೆ ಇಡುವುದು, ಕುಂಟದಿದ್ದರೆ ತೆಗೆಯುವುದು.

ವಿರೋಧ: ಯಾರನ್ನೂ ಕೇಳದೆ ಯಾರದೋ ತಲೆಗೆ ಕಟ್ಟುವುದು ಬೇಡ

ಅಶ್ಲೀಲವೋ ಅಲ್ಲವೋ ಎಂಬ ಜಗಳದಲ್ಲಿ ಅಸಲಿ ಕೊರತೆ ಮರೆತೇಹೋಗುತ್ತದೆ. ಅಮರುಕನ ಕಥೆಯನ್ನೇ ಹಿಡಿಯಿರಿ. ಅವನ ರಾಣಿಯರನ್ನು ಕೇಳಿದವರು ಯಾರು? ಮೈ ಅದಲುಬದಲಿನ ಶೃಂಗಾರಕ್ಕೆ ಇದು ಹುಟ್ಟಿನಿಂದ ಬಂದ ರೋಗ. ಬ್ಯಾಂಕಿನವಳು ಇಳಕಲ್ಲಿನವಳ ಮೈಯಲ್ಲಿದ್ದುಕೊಂಡು ಅವಳ ಗಂಡನ ಜೊತೆ ಮಲಗಿದರೆ ಒಪ್ಪಿಗೆ ಬೇಕಾದದ್ದು ಮೂವರದು: ಮೈಯ ಒಡತಿಯದು, ಒಳಗಿರುವವಳದು, ಗಂಡನದು. ಹೆಂಗಸರಿಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡರೆನ್ನಿ. ಗಂಡನಿಗೆ ಪಕ್ಕದಲ್ಲಿರುವವರು ಯಾರೆಂಬುದೇ ಗೊತ್ತಿಲ್ಲ. ತನ್ನ ಗಂಡನೆಂದು ತಪ್ಪಾಗಿ ನಂಬಿ ಹೆಣ್ಣು ಕೊಟ್ಟ ಒಪ್ಪಿಗೆ, ಆ ತಪ್ಪು ಗೊತ್ತಿದ್ದೇ ಬಂದವನಿಗೆ ಒಪ್ಪಿಗೆಯಾಗದು ಎಂದು ನ್ಯಾಯ ಸಂಹಿತೆಯ 63ನೆಯ ಕಲಂ ಹೇಳುತ್ತದೆ. ಗಂಡಸಿಗೆ ಕಾನೂನಿನಲ್ಲಿ ಆ ಮಾತಿಲ್ಲ. ಹಾಗೆಂದು ಕಥೆಯಲ್ಲೂ ಅವನನ್ನು ಮಂಚದ ಕಾಲಿನಂತೆ ಬಳಸಬಹುದೇ?

ಇದನ್ನು ಸರಿಪಡಿಸಲು ಹೋದರೆ ಕಥೆಯೇ ಸಡಿಲವಾಗುತ್ತದೆ. ಗಂಡನಿಗೆ ಮೊದಲೇ ಹೇಳಿಬಿಟ್ಟರೆ ಗುಟ್ಟಿನ ಬಿಗಿ ಹೋಯಿತು. ಅವನ ದೃಶ್ಯ ತೆಗೆದು ಹೆಂಗಸರಿಬ್ಬರ ನಡುವಿನದನ್ನಷ್ಟೇ ಉಳಿಸಿದರೆ ‘ಬದುಕು ಅದಲುಬದಲು’ ಎಂಬ ಅರ್ಧ ಭಾಗ ಖಾಲಿ. ಕಿತ್ತು ನೋಡುವ ಪರೀಕ್ಷೆಯಲ್ಲಿ ಮೊದಲು ಪಾಸಾಗುವುದು ಈ ದೃಶ್ಯವೇ. ಹೀಗಾಗಿ ಆ ಪರೀಕ್ಷೆ ಕಥೆಯ ಕಟ್ಟಡ ನೋಡಲು ಸರಿ, ತಪ್ಪು ಹುಡುಕಲು ಸಾಲದು.

ಎರಡನೆಯದಾಗಿ ಕೇಳದೆ ಸಿಕ್ಕಿಬೀಳುವವನು ಪುಸ್ತಕದ ಅಂಗಡಿಯವನು. 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಶಿಕ್ಷೆಯಾದದ್ದು ಲೇಖಕನಿಗಲ್ಲ, ಮುಂಬೈಯ ಪುಸ್ತಕ ವ್ಯಾಪಾರಿಗೆ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತೆಂದು ಸರ್ಕಾರ ಸಾಬೀತು ಮಾಡುವ ಅಗತ್ಯವಿಲ್ಲ ಎಂದಿತು ಸುಪ್ರೀಂ ಕೋರ್ಟು. 294ನೆಯ ಕಲಮಿನಲ್ಲಿ ಮಾರಲು ಇಟ್ಟುಕೊಂಡರೂ ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ. ಸಾಹಿತ್ಯದ ವಿನಾಯಿತಿ ಇದೆ, ಆದರೆ ಅದು ಸಿಗುವುದು ಕೋರ್ಟಿಗೆ ಅಲೆದ ಮೇಲೆ. ‘ವಯಸ್ಕರಿಗೆ ಮಾತ್ರ’ ಎಂದು ಅಚ್ಚು ಹಾಕಿದರೆ ಗಿರಾಕಿಯ ವಯಸ್ಸು ನೋಡುವ ಕೆಲಸವೂ ಅವನ ಪಾಲಿಗೆ, ಏಕೆಂದರೆ ಅಶ್ಲೀಲ ವಸ್ತುವನ್ನು ಮಕ್ಕಳಿಗೆ ಮಾರುವುದಕ್ಕೆ 295ನೆಯ ಕಲಂ ಬೇರೆಯೇ ಇದೆ. 150 ರೂಪಾಯಿ ಪುಸ್ತಕಕ್ಕೆ ಶೇ 35 ಕಮಿಷನ್ ಹಿಡಿದರೆ ಅವನಿಗೆ ಸಿಗುವುದು 52 ರೂಪಾಯಿ 50 ಪೈಸೆ. ಆ ರೊಕ್ಕಕ್ಕೆ ಠಾಣೆಯ ಮೆಟ್ಟಿಲು ಯಾರು ಹತ್ತುತ್ತಾರ್ರಿ?

ಹಾಗಾದರೆ ಇ-ಪುಸ್ತಕ ಮಾಡಿದರಾಯಿತು ಎನ್ನುವವರಿದ್ದಾರೆ. ಅಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಂ ಕಾದಿದೆ: ಮೊದಲ ಸಲವೇ ಮೂರು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ. ನಕಲು ತಡೆಯುವ ಬೀಗ ಹಾಕಿದರೂ ಪರದೆಯ ಫೋಟೋ ತೆಗೆಯುವುದನ್ನು ತಡೆಯಲಾಗದು. ನ್ಯಾಯಾಧೀಶರು 112 ಪುಟವನ್ನೂ ಓದಬಹುದು, ವಾಟ್ಸಾಪ್ ಗುಂಪು ಓದುವುದು ಹಾಸಿಗೆಯ ದೃಶ್ಯದ ಪುಟವೊಂದನ್ನೇ. ಅದರ ಜೊತೆ ಊರಿನ ಹೆಸರು, ಓಣಿಯ ಗುರುತು, ಮಗ್ಗದ ವಿವರವೂ ಹೋಗುತ್ತವೆ. ವಿವರ ಖರೇ ಇದ್ದಷ್ಟೂ ‘ಇದು ಇಂಥವರ ಮನಿ ಹೆಣ್ಣುಮಗಳು’ ಎಂದು ಬೆರಳು ತೋರಿಸುವುದು ಸುಲಭ. ಊರು ಬದಲಿಸಿ ಎಂದರೆ ಕೊಂಡಿ ಹಾಕುವ ಆ ಬೆರಳೂ ಹೋಗುತ್ತದೆ, ಕಥೆಯ ಜೀವವೇ ಅದು.

ಅಂಗಡಿ ಬೇಡ, ಹೆಸರು ಕೊಟ್ಟವರ ಮನೆಗೇ ಕೊರಿಯರ್ ಮಾಡೋಣ ಎಂಬ ಸಲಹೆಯೂ ಬರುತ್ತದೆ. ಈ ಪುಸ್ತಕ ಯಾರಿಗಾಗಿ ಬರೆದದ್ದೋ ಆ ಓದುಗರಲ್ಲಿ ಎಷ್ಟೋ ಮಂದಿ ಕೂಡುಕುಟುಂಬದ ಸೊಸೆಯರು, ಮತ್ತು ಆ ಮನೆಗಳಲ್ಲಿ ಪಾರ್ಸಲ್ ಸಹಿ ಮಾಡಿ ತೆಗೆದುಕೊಂಡು ಒಡೆದು ನೋಡುವವರು ಮಾವನವರು.